ಜುಲೈ ಮಳೆಯಲ್ಲಿ ಮಂಗಳೂರು: ಸೂರಿನ ಕೆಳಗೆ ನೋಡುವಂಥದ್ದು ಏನೇನಿದೆ?

ವಿದ್ಯಾನಗರದಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮಂಗಳೂರಿನಲ್ಲಿ ಡಿಗ್ರಿಗೆ ಸೀಟ್ ಸಿಕ್ಕಿದೆ. ಜುಲೈ ಕೊನೆಗೆ ಹಾಸ್ಟೆಲ್‌ಗೆ ಬಿಡಲು ಹೊರಟಿದ್ದೇವೆ. ಅಷ್ಟು ದೂರ ಹೋಗಿ ಸುಮ್ನೆ ಬಿಟ್ಟು ಬರುವುದೇಕೆ, ಎರಡು ಮೂರು ದಿನ ಇದ್ದು ಬರೋಣ ಅಂತ ನಮ್ಮ ಮನೆಯವರ ಹಟ. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು. ಐದನೇ ಕ್ಲಾಸಿನ ಮಗ ಇದ್ದಾನೆ, ಅವನಿಗೆ ಬೀಚ್ ಬಿಟ್ಟು ಬೇರೇನೂ ಬೇಡ.

ಹೋಟೆಲ್ ರೂಮಿನಲ್ಲಿ ಕೂತು ಟಿವಿ ನೋಡಿ ವಾಪಸ್ ಬರುವ ಹಾಗೆ ಆಗಬಾರದು. ನೆನೆಯದೆ ನೋಡುವಂಥ ಜಾಗ ಯಾವುದಿದೆ ಹೇಳಿ. ಕಾರು ನಮ್ಮದೇ. ಊಟ ಸಸ್ಯಾಹಾರ.

ಮಂಡಕ್ಕಿ ಮಿರ್ಚಿ

ಜುಲೈನಲ್ಲಿ ಮಂಗಳೂರಿಗಾ! ಅಲ್ಲಿ ಒಂದು ತಿಂಗಳಲ್ಲಿ ಬೀಳುವ ಮಳೆ ನಮ್ಮ ದಾವಣಗೆರೆಗೆ ಇಡೀ ವರ್ಷ ಬೀಳುವುದಿಲ್ಲ. ದೀಪಾವಳಿ ರಜೆಗೆ ಹೋಗಿ ಅಕ್ಕ.

ವಿದ್ಯಾನಗರದಮ್ಮ

ಕಾಲೇಜಿನವರು ದೀಪಾವಳಿವರೆಗೆ ಕಾಯುತ್ತಾರಾ ತಮ್ಮಾ?

ಹರಿಹರದ ಚಾಲಕ

ಅಕ್ಕಾರೆ, ಜಾಗ ಆಮೇಲೆ ನೋಡೋಣ, ಮೊದಲು ದಾರಿ. ಹೊನ್ನಾಳಿ ಮೇಲೆ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ. ತೀರ್ಥಹಳ್ಳಿಯಿಂದ ಎರಡು ದಾರಿ ಇದೆ. ಒಂದು, ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ. ಇನ್ನೊಂದು, ಕೊಪ್ಪ, ಶೃಂಗೇರಿ, ಮಾಳ ಘಾಟಿ ಇಳಿದು ಕಾರ್ಕಳ. ಆಗುಂಬೆಯಲ್ಲಿ 14 ಕಡಿದಾದ ತಿರುವು. ಮಳೆಗಾಲದಲ್ಲಿ ಅಲ್ಲಿ ಲಾರಿ, ದೊಡ್ಡ ಬಸ್ ನಿಲ್ಲಿಸುತ್ತಾರೆ, ಕಾರು ಬಿಡುತ್ತಾರೆ. ಆದರೂ ಹೊರಡುವ ಹಿಂದಿನ ರಾತ್ರಿ ಘಾಟಿ ತೆರೆದಿದೆಯಾ ಅಂತ ಸುದ್ದಿ ನೋಡಿಕೊಳ್ಳಿ. ಮಣ್ಣು ಕುಸಿದರೆ ಒಂದೇ ಗಂಟೆಯಲ್ಲಿ ಬಂದ್ ಮಾಡುತ್ತಾರೆ.

ಬೆಳಗಿನ ಜಾವ ಹೊರಟು ಹಗಲಲ್ಲೇ ಘಾಟಿ ಇಳಿದುಬಿಡಿ. ಜುಲೈನಲ್ಲಿ ಆಗುಂಬೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಮಂಜು ಬಂದು ಕೂರುತ್ತದೆ, ಎದುರಿನ ಗಾಡಿಯ ಹೆಡ್‌ಲೈಟ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ವೈಪರ್ ರಬ್ಬರ್ ಈಗಲೇ ಬದಲಾಯಿಸಿ. ನಮ್ಮ ಬಯಲುಸೀಮೆ ಬಿಸಿಲಿಗೆ ಅದು ಒಣಗಿ ಸೀಳಿರುತ್ತದೆ, ಘಾಟಿಯಲ್ಲಿ ಮಳೆ ಬಂದಾಗಲೇ ಗೊತ್ತಾಗುವುದು.

ಹೆಬ್ರಿಗೆ ಬಂದ ಮೇಲೆ ಉಡುಪಿ ಕಡೆ ತಿರುಗಬೇಡಿ. ಕಾರ್ಕಳ, ಮೂಡಬಿದಿರೆ ಮೇಲೆ ಮಂಗಳೂರಿಗೆ ಇಳಿಯಿರಿ. ಮೂಡಬಿದಿರೆ ದಾರಿಯಲ್ಲೇ ಸಿಗುತ್ತದೆ, ನಿಮ್ಮ ಮೊದಲನೇ ಸೂರು ಅದೇ ಆಗಲಿ.

ಕೋಟೆಮನೆ (ಚಿತ್ರದುರ್ಗ)

ಹರಿಹರದವರು ಸರಿಯಾಗಿ ಹೇಳಿದರು. ಹಳೇ 13ನೇ ನಂಬರ್ ಹೆದ್ದಾರಿ ಸೊಲ್ಲಾಪುರದಿಂದ ಬಂದು ನಮ್ಮ ದುರ್ಗ ಹಾದು, ಶಿವಮೊಗ್ಗ ಮೇಲೆ ಮಂಗಳೂರಿಗೇ ಹೋಗಿ ಮುಗಿಯುತ್ತಿತ್ತು. ಈಗ ನಂಬರ್ ಬದಲಾಗಿದೆ. ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಮೊದಲಿನಿಂದ ಮಂಗಳೂರೇ.

ಮೂಡಬಿದಿರೆಯ ಸಾವಿರ ಕಂಬದ ಬಸದಿ ಬಗ್ಗೆ ಒಂದು ಮಾತು. ಅದು 1430ರಲ್ಲಿ ಕಟ್ಟಿದ್ದು. ನಾವು ಕಲ್ಲಿನ ಕಟ್ಟಡ ಅಂದರೆ ನಮ್ಮ ಏಳುಸುತ್ತಿನ ಕೋಟೆ ಮಾತ್ರ ಅಂದುಕೊಂಡಿರುತ್ತೇವೆ. ನಮ್ಮ ಕೋಟೆ ಶತ್ರುವನ್ನು ತಡೆಯಲು ಕಟ್ಟಿದ್ದು, ಆ ಬಸದಿಯ ಮಾಡು ಮಳೆಯನ್ನು ತಡೆಯಲು ಕಟ್ಟಿದ್ದು. ಇಳಿಜಾರು ಮಾಡು, ಒಂದರ ಮೇಲೊಂದು ಅಂತಸ್ತು. ದೂರದಿಂದ ನೇಪಾಳದ ದೇವಸ್ಥಾನದ ಹಾಗೆ ಕಾಣುತ್ತದೆ. ಜಡಿಮಳೆ ಸುರಿಯುವಾಗ ಒಳಗಿನ ಮಂಟಪದಲ್ಲಿ ನಿಂತು ಕಂಬ ನೋಡಬೇಕು. ಒಂದರ ಹಾಗೆ ಇನ್ನೊಂದು ಇಲ್ಲ. ಒಂದು ಕಂಬದ ಬುಡದಲ್ಲಿ ಬಳ್ಳಿ ಗಂಟು ಹಾಕಿಕೊಂಡಿದ್ದರೆ ಪಕ್ಕದ್ದರಲ್ಲಿ ಬರೀ ಪಟ್ಟಿ. ಹುಡುಗನಿಗೆ ಒಂದೇ ಥರದ ಎರಡು ಕಂಬ ಹುಡುಕಿ ತೋರಿಸು ಅಂತ ಹೇಳಿ ಬಿಡಿ, ಅರ್ಧ ಗಂಟೆ ನಿಮ್ಮನ್ನು ಕೇಳುವುದಿಲ್ಲ. ಮೋಡ ಮುಸುಕಿದ್ದರೆ ಒಳಗೆ ಕತ್ತಲೆ, ಅತ್ತೆಯವರ ಕೈ ಹಿಡಿದುಕೊಳ್ಳಿ. ಒದ್ದೆ ಕಲ್ಲು ಜಾರುತ್ತದೆ.

ಕುಡ್ಲದಲ್ಲಿ ದುರ್ಗದವಳು

ನಾನು ಚಿತ್ರದುರ್ಗದವಳು, ಕೆಲಸ ಮಂಗಳೂರಿನಲ್ಲಿ. ಇಲ್ಲಿ ಮಳೆ ಶುರುವಾದ ಕೂಡಲೇ ನಮ್ಮೂರಿನಿಂದ ಎಲ್ಲರೂ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಬೀಚ್ ವಿಚಾರ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಯಾವುದೂ ಬೇಡ. ಜುಲೈನಲ್ಲಿ ಕಡಲು ಕೆರಳಿರುತ್ತದೆ. ನೀರಿಗೆ ಇಳಿಯಲು ಬಿಡುವುದಿಲ್ಲ, ಬಿಟ್ಟರೂ ಇಳಿಯಬಾರದು. ಮಗನಿಗೆ ಈಗಲೇ ಹೇಳಿ ಒಪ್ಪಿಸಿ. ಅಲ್ಲಿಗೆ ಬಂದ ಮೇಲೆ ಹೇಳಿದರೆ ಅಳು ಗ್ಯಾರಂಟಿ.

ಊರೊಳಗೆ ನನ್ನ ಮೊದಲನೇ ಆಯ್ಕೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಕಾಲೇಜಿನೊಳಗಿನ ಚರ್ಚು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಏರಿದರೆ ಸಿಗುತ್ತದೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್ (ಕ್ರೈಸ್ತ ಸನ್ಯಾಸಿ) 1899ರಲ್ಲಿ ಶುರು ಮಾಡಿ ಎರಡು ವರ್ಷದ ಆಸುಪಾಸಿನಲ್ಲಿ ಇಡೀ ಚಾಪೆಲ್‌ಗೆ ಚಿತ್ರ ಬರೆದರು. ಗೋಡೆಯ ಮೇಲಿನದು ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿದ್ದು, ಬಣ್ಣ ಗೋಡೆಯೊಳಗೇ ಇಳಿದು ಕೂತಿದೆ. ಚಾವಣಿಯದು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಮೇಲೆ ನಡುವೆ ಸಾಲಾಗಿ ಸಂತ ಅಲೋಶಿಯಸ್ ಅವರ ಜೀವನದ ಕಥೆ ಇದೆ. ಅವರು ಶ್ರೀಮಂತ ಮನೆತನದ ಹಿರಿಮಗ, ಆಸ್ತಿ ಹಕ್ಕು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದವರು, ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 23ನೇ ವಯಸ್ಸಿನಲ್ಲಿ ತೀರಿಹೋದವರು. ಇಷ್ಟು ಕಥೆ ಗೊತ್ತಿದ್ದು ಕತ್ತೆತ್ತಿ ನೋಡಿದರೆ ಅರ್ಥವಾಗುತ್ತದೆ, ಇಲ್ಲದಿದ್ದರೆ ಬರೀ ಬಣ್ಣ. ಅತ್ತೆಯವರು ಬೆಂಚಿನ ಮೇಲೆ ಕೂತೇ ನೋಡಬಹುದು. ಪೂಜೆ ಸಮಯ ತಪ್ಪಿಸಿ ಹೋಗಿ, ಫೋಟೊ ತೆಗೆಯುವ ಮುಂಚೆ ಕೇಳಿ.

ಅದೇ ಕಾಲೇಜಿನಲ್ಲಿ ಅಲೋಶಿಯಂ ಅನ್ನುವ ಮ್ಯೂಸಿಯಂ ಇದೆ, 1913ರಲ್ಲಿ ಶುರುವಾದದ್ದು. ಮಂಗಳೂರಿನ ರಸ್ತೆಗೆ ಇಳಿದ ಮೊದಲ ಕಾರು ಅನ್ನುವ ಹಳೇ ಡಿ ಡಿಯಾನ್ ಗಾಡಿ ಅಲ್ಲಿದೆ. ನಿಮ್ಮ ಮನೆಯವರನ್ನು ಅಲ್ಲಿ ಬಿಡಿ, ಗಂಡಸರಿಗೆ ಕಾರು ಕಂಡರೆ ಬೇರೇನೂ ಬೇಡ.

ಬಿಜೈ ಕಡೆ ಶ್ರೀಮಂತಿ ಬಾಯಿ ಸರ್ಕಾರಿ ಮ್ಯೂಸಿಯಂ. ಕರ್ನಲ್ ಮಿರಾಜಕರ್ ಅನ್ನುವ ವೈದ್ಯರು ತಾಯಿಯ ಹೆಸರಿನಲ್ಲಿ ಮನೆಯನ್ನೂ ತಾವು ಸಂಗ್ರಹಿಸಿದ ವಸ್ತುಗಳನ್ನೂ ಕೊಟ್ಟರು, 1960ರಿಂದ ಮ್ಯೂಸಿಯಂ ಆಗಿದೆ. ಮನೆಯ ಆಕಾರವೇ ಹಡಗಿನದು. ಸಣ್ಣದು, ಬೇಗ ಮುಗಿಯುತ್ತದೆ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿ.

ಕದ್ರಿ ಮಂಜುನಾಥ ದೇವಸ್ಥಾನ ಅಲ್ಲಿಂದ ದೂರವಿಲ್ಲ. ಅಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ನೋಡದೆ ಬರಬೇಡಿ. ಮೂರು ಮುಖ, ಆರು ಕೈ. ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನ ಇದೆ, ಕ್ರಿ.ಶ. 968ರದ್ದು. ಜನ ಮಂಜುನಾಥನಿಗೆ ಕೈ ಮುಗಿದು, ಪ್ರಸಾದ ತಗೊಂಡು, ಅಷ್ಟು ದೊಡ್ಡ ಮೂರ್ತಿಯ ಮುಂದೆಯೇ ಮೊಬೈಲ್ ನೋಡುತ್ತಾ ಹೋಗುತ್ತಾರೆ. ನನಗಂತೂ ಹೊಟ್ಟೆ ಉರಿಯುತ್ತದೆ.

ಕೋಟೆಮನೆ

ತಂಗೀ, ನಮ್ಮೂರವರೂ ಅಷ್ಟೇ. ರಂಗಯ್ಯನಬಾಗಿಲ ಹತ್ತಿರ ನಮ್ಮದೇ ಸರ್ಕಾರಿ ಮ್ಯೂಸಿಯಂ ಇದೆ, ಇಲ್ಲಿರುವ ದುರ್ಗದವರಲ್ಲಿ ಎಷ್ಟು ಜನ ಒಳಗೆ ಹೋಗಿದ್ದೀರಿ? ಕೈ ಎತ್ತಿ.

ಮಂಡಕ್ಕಿ ಮಿರ್ಚಿ

ನಾನು ದಾವಣಗೆರೆಯವನು, ನನ್ನನ್ನು ಬಿಟ್ಟುಬಿಡಿ ಸರ್.

ಪಿಜೆ ಬಡಾವಣೆ ಹುಡುಗ

ನಾನು ಮಂಗಳೂರಿನಲ್ಲೇ ಓದಿದ್ದು. ಇಷ್ಟೆಲ್ಲ ಮ್ಯೂಸಿಯಂ ತೋರಿಸಿದರೆ ಐದನೇ ಕ್ಲಾಸಿನ ಹುಡುಗ ಮನೆಗೆ ವಾಪಸ್ ಹೋಗೋಣ ಅನ್ನುತ್ತಾನೆ ಆಂಟಿ. ಪಿಲಿಕುಳಕ್ಕೆ ಕರೆದುಕೊಂಡು ಹೋಗಿ. ಊರಿನಿಂದ ಸ್ವಲ್ಪ ಹೊರಗೆ, ವಾಮಂಜೂರು ದಾಟಿ. ಅಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಇದೆ, 2018ರಲ್ಲಿ ಶುರುವಾಯಿತು. 3ಡಿ ಕನ್ನಡಕ ಹಾಕಿಕೊಂಡು ಹಿಂದಕ್ಕೆ ಒರಗಿ ಕೂರಬೇಕು, ತಲೆ ಮೇಲೆ 18 ಮೀಟರ್ ಅಗಲದ ಗುಮ್ಮಟ. ಶನಿಗ್ರಹದ ಉಂಗುರದ ಕಲ್ಲುಗಳು ಮುಖಕ್ಕೇ ಬಂದು ಬೀಳುವ ಹಾಗೆ ಆಗುತ್ತದೆ. ಕನ್ನಡದ ಶೋ ಎಷ್ಟು ಗಂಟೆಗೆ ಅಂತ ಕೌಂಟರಿನಲ್ಲಿ ಕೇಳಿ ಟಿಕೆಟ್ ತಗೊಳ್ಳಿ.

ತಾರಾಲಯದ ಪಕ್ಕದಲ್ಲೇ ವಿಜ್ಞಾನ ಕೇಂದ್ರ. ಗಾಜಿನ ಹಿಂದೆ ಇಟ್ಟು ‘ಮುಟ್ಟಬೇಡಿ’ ಅನ್ನುವ ಜಾಗ ಅಲ್ಲ, ಒತ್ತಿ, ತಿರುಗಿಸಿ, ಎಳೆದು ನೋಡುವ ಯಂತ್ರಗಳು. ಮಧ್ಯಾಹ್ನದವರೆಗೆ ಆರಾಮಾಗಿ ಹೊತ್ತು ಹೋಗುತ್ತದೆ.

ಮೃಗಾಲಯ, ಕೆರೆ, ಗುತ್ತಿನ ಮನೆ (ತುಳುನಾಡಿನ ಹಳೇ ದೊಡ್ಡ ಮನೆತನದ ಮನೆ) ಎಲ್ಲವೂ ಪಿಲಿಕುಳದಲ್ಲೇ ಇವೆ. ಆದರೆ ನೂರಾರು ಎಕರೆ ಜಾಗ. ಮಳೆಯಲ್ಲಿ ಕೊಡೆ ಹಿಡಿದು ಹುಲಿ ನೋಡಲು ಹೋದರೆ ಹುಲಿ ಒಳಗೆ ಬೆಚ್ಚಗೆ ಮಲಗಿರುತ್ತದೆ, ನೀವು ಹೊರಗೆ ನೆನೆಯುತ್ತೀರಿ. ಸೋಮವಾರ ರಜೆ, ಅದೊಂದು ನೆನಪಿರಲಿ.

ವಿದ್ಯಾನಗರದಮ್ಮ

ತಾರಾಲಯ ಅಂದ ಕೂಡಲೇ ಮಗ ಬೀಚ್ ಮರೆತ. ಬಚಾವ್! ಮಾಲ್‌ಗಳು ಹೇಗೆ?

ಕೋಟೆಮನೆ

ಮಾಲ್ ನೋಡಲು ಮಂಗಳೂರಿಗೆ ಹೋಗಬೇಕಾ? ಅದೇ ಬಟ್ಟೆ, ಅದೇ ಪಿಜ್ಜಾ.

ಕುಡ್ಲದಲ್ಲಿ ದುರ್ಗದವಳು

ಅಣ್ಣಾ, ನೀವು ಮಂಡಿ ನೋವಿರುವ ಅತ್ತೆಯನ್ನು ಮಳೆಯಲ್ಲಿ ಕರೆದುಕೊಂಡು ತಿರುಗಿಲ್ಲ ಅಂತ ಕಾಣುತ್ತದೆ. ಮಾಲ್ ಅಂದರೆ ಲಿಫ್ಟ್, ಸ್ವಚ್ಛ ಶೌಚಾಲಯ, ಕೂರಲು ಜಾಗ, ನೆನೆಯದೆ ಕಾರಿನಿಂದ ಇಳಿಯಲು ಕೆಳಗೆ ಪಾರ್ಕಿಂಗ್. ಎರಡು ಜಾಗದ ನಡುವೆ ಒಂದು ಗಂಟೆ ಉಸಿರು ಬಿಡಲು ಬೇಕೇ ಬೇಕು. ಪಾಂಡೇಶ್ವರದ ಫಿಜಾ ಮಾಲ್ ದೊಡ್ಡದು. ಹಂಪನಕಟ್ಟೆ ಹತ್ತಿರ ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್, ಚಾಪೆಲ್ ಮುಗಿಸಿ ಇಳಿದರೆ ಅದೇ ಹತ್ತಿರ. ಬಿಜೈಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಬಳಿ ಭಾರತ್ ಮಾಲ್. ಮಗಳಿಗೆ ಹಾಸ್ಟೆಲ್‌ಗೆ ಬೇಕಾದ ಬಕೆಟ್, ಮಗ್ಗು, ಬೆಡ್‌ಶೀಟ್ ಅಲ್ಲೇ ತಗೊಳ್ಳಬಹುದು, ದಾವಣಗೆರೆಯಿಂದ ಹೊತ್ತು ತರಬೇಡಿ. ಆದರೆ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಕೂರುವುದಾದರೆ ಕೋಟೆಮನೆಯವರ ಮಾತೇ ಸರಿ.

ಕೋಟೆಮನೆ

ಶೌಚಾಲಯದ ಮಾತಿಗೆ ನನ್ನ ಉತ್ತರ ಇಲ್ಲ. ಒಪ್ಪಿದೆ.

ಹೊಳಲ್ಕೆರೆ ಮೇಷ್ಟ್ರು

ಎಲ್ಲರೂ ಕಟ್ಟಡ ಹೇಳುತ್ತಿದ್ದೀರಿ. ಕರಾವಳಿಯಲ್ಲಿ ಮಳೆಗಾಲಕ್ಕೆಂದೇ ಒಂದು ಕಲೆ ಇದೆ, ಅದನ್ನು ಯಾರೂ ಹೇಳಲಿಲ್ಲ. ತಾಳಮದ್ದಳೆ.

ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯ ವಾರ, ತುಳುವರು ಪತ್ತನಾಜೆ ಅನ್ನುವ ದಿನಕ್ಕೆ, ಗೆಜ್ಜೆ ಬಿಚ್ಚುತ್ತವೆ. ಬಯಲಲ್ಲಿ ರಾತ್ರಿಯಿಡೀ ಆಡುವ ಆಟ ಮಳೆಯಲ್ಲಿ ಆಗುವುದಿಲ್ಲ. ಮತ್ತೆ ಮೇಳ ಹೊರಡುವುದು ದೀಪಾವಳಿ ಆದ ಮೇಲೆ. ನಡುವಿನ ಈ ತಿಂಗಳುಗಳಲ್ಲಿ ಕಲಾವಿದರು ಬಣ್ಣ ಹಚ್ಚದೆ, ವೇಷ ಕಟ್ಟದೆ, ಪಂಚೆ ಶಾಲು ಹಾಕಿ ಸಭಾಭವನದ ವೇದಿಕೆಯಲ್ಲಿ ಕೂರುತ್ತಾರೆ. ನಡುವೆ ಭಾಗವತರು, ಮದ್ದಳೆ, ಚೆಂಡೆ. ಎರಡೂ ಬದಿಗೆ ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು. ಭಾಗವತರು ಒಂದು ಪದ್ಯ ಹಾಡುತ್ತಾರೆ, ಆಮೇಲೆ ಒಬ್ಬರು ಕೃಷ್ಣನಾಗಿ, ಇನ್ನೊಬ್ಬರು ಕೌರವನಾಗಿ ಮಾತಿಗೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಒಂದು ಸಾಲೂ ಇಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ವಾಲಿ ರಾಮನನ್ನು ‘ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ’ ಅಂತ ಕೇಳಿದಾಗ ರಾಮನ ಪಾತ್ರಧಾರಿ ತಬ್ಬಿಬ್ಬಾಗುವುದನ್ನು ನಾನು ನೋಡಿದ್ದೇನೆ. ಸಭೆಯೇ ಉಸಿರು ಹಿಡಿದು ಕೂತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಮಾತಿನ ಬಲದಿಂದಲೇ ಹೆಸರಾದವರು.

ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಬಹಳ ಬೇಗ ಹಿಡಿಸುತ್ತದೆ. ನಮ್ಮವರಿಗೆ ಮಾತಿನ ರುಚಿ ಗೊತ್ತು. ಭಾಷೆ ತುಳು ಇರುತ್ತದೆ ಅಂತ ಹೆದರಬೇಡಿ, ತಾಳಮದ್ದಳೆ ಹೆಚ್ಚಾಗಿ ಶುದ್ಧ ಕನ್ನಡದಲ್ಲೇ ನಡೆಯುವುದು. ನಿಮ್ಮ ಅತ್ತೆಯವರಿಗೆ ಭಾರತ, ರಾಮಾಯಣ ಬಾಯಿಪಾಠ ಇರಬೇಕಲ್ಲ?

ವಿದ್ಯಾನಗರದಮ್ಮ

ಬಾಯಿಪಾಠವೇ ಮೇಷ್ಟ್ರೇ. ಟಿವಿ ಧಾರಾವಾಹಿಯವರು ಕಥೆ ತಪ್ಪಿಸಿದರೆ ಅಲ್ಲೇ ಬೈಯುತ್ತಾರೆ. ಇದು ಎಲ್ಲಿ ನಡೆಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಟಿಕೆಟ್ ಎಷ್ಟು?

ಹೊಳಲ್ಕೆರೆ ಮೇಷ್ಟ್ರು

ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಸಂಘದವರು ಚಂದಾ ಎತ್ತಿ ಮಾಡಿಸುತ್ತಾರೆ. ಟೌನ್‌ಹಾಲ್, ದೇವಸ್ಥಾನದ ಸಭಾಭವನ, ಶಾಲೆಯ ಹಾಲ್, ಎಲ್ಲಿ ಬೇಕಾದರೂ ಇರಬಹುದು. ಅಲ್ಲಿನ ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ ಆ ದಿನದ ಕಾರ್ಯಕ್ರಮಗಳ ಪಟ್ಟಿ ಬರುತ್ತದೆ. ಹೋಟೆಲಿನ ರಿಸೆಪ್ಷನ್‌ನಲ್ಲಿ ಬೆಳಗ್ಗೆ ಪೇಪರ್ ಕೇಳಿ ಪಡೆದು ಅದನ್ನೇ ಮೊದಲು ನೋಡಿ. ಮಧ್ಯಾಹ್ನ ಶುರುವಾಗಿ ಸಂಜೆಗೆ ಮುಗಿಯುವುದೂ ಉಂಟು.

ಪಿಜೆ ಬಡಾವಣೆ ಹುಡುಗ

ನಿಜ ಹೇಳುತ್ತೇನೆ, ನನ್ನ ವಯಸ್ಸಿನವರಿಗೆ ಮೊದಲ ಅರ್ಧ ಗಂಟೆ ಕಷ್ಟ. ಪದ್ಯ ಉದ್ದ, ಪೀಠಿಕೆ ಇನ್ನೂ ಉದ್ದ. ಜಗಳ ಶುರುವಾದ ಮೇಲೆ ಎದ್ದು ಬರಲು ಆಗುವುದಿಲ್ಲ.

ಚಳ್ಳಕೆರೆ ಶೇಂಗಾ

ಊಟದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನಾವು ಮೀನು ತಿನ್ನುವವರು. ನಾವೂ ಆಗಸ್ಟ್‌ನಲ್ಲಿ ಹೋಗುವ ಯೋಚನೆಯಲ್ಲಿದ್ದೇವೆ.

ಕುಡ್ಲದಲ್ಲಿ ದುರ್ಗದವಳು

ಮೀನಿಗಾದರೆ ಆಗಸ್ಟೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆ ಇಡುವ ಕಾಲ. ಜುಲೈನಲ್ಲಿ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ, ಉಳಿದದ್ದು ಐಸ್‌ನಲ್ಲಿ ಇಟ್ಟದ್ದು ಅಥವಾ ಬೇರೆ ರಾಜ್ಯದ್ದು. ರೇಟೂ ಜಾಸ್ತಿ.

ಸಸ್ಯಾಹಾರಿಗಳಿಗೆ ಮಾತ್ರ ಜುಲೈ ಕೊನೆ ಬಂಗಾರದ ಕಾಲ. ತುಳುನಾಡಿನಲ್ಲಿ ಅದು ಆಟಿ ತಿಂಗಳು. ಮದುವೆ ಮುಂಜಿ ಇಲ್ಲ, ಗದ್ದೆ ಕೆಲಸ ಮುಗಿದಿರುತ್ತದೆ, ಹಿಂದೆ ಮನೆಯಲ್ಲಿ ಅಕ್ಕಿ ಖಾಲಿಯಾಗುವ ಹೊತ್ತು. ಆಗ ಕಾಡಿನಲ್ಲಿ, ಬೇಲಿಯಲ್ಲಿ ಸಿಕ್ಕಿದ್ದನ್ನೇ ತಿಂದು ಬದುಕಿದ ಜನ. ಆ ಅಡುಗೆ ಈಗ ಹೋಟೆಲಿನಲ್ಲಿ ವಿಶೇಷ ಅಂತ ಬಂದಿದೆ. ಪತ್ರೊಡೆ ಹುಡುಕಿ ತಿನ್ನಿ. ಕೆಸುವಿನ ಎಲೆಗೆ ಅಕ್ಕಿ, ಹುಳಿ, ಬೆಲ್ಲ, ಮೆಣಸಿನ ಹಿಟ್ಟು ಹಚ್ಚಿ, ಎಲೆ ಮೇಲೆ ಎಲೆ ಇಟ್ಟು, ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಬಿಲ್ಲೆ ಬಿಲ್ಲೆ ಕೊಯ್ದರೆ ಒಳಗೆ ಹಸಿರು ಸುರುಳಿ ಕಾಣುತ್ತದೆ. ಅದನ್ನು ಕಾವಲಿ ಮೇಲೆ ತೆಂಗಿನೆಣ್ಣೆ ಹಾಕಿ ಅಂಚು ಕಪ್ಪಾಗುವವರೆಗೆ ಕಾಯಿಸಿ ಕೊಡುತ್ತಾರೆ. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ, ಹಾಗಾಗಿ ಜನ ಇರುವ ಹೋಟೆಲಿನಲ್ಲೇ ತಿನ್ನಿ.

ಸಂಜೆ ಗೋಳಿಬಜೆ (ಮೈದಾ ಬೋಂಡಾ), ಬನ್ಸ್ (ಬಾಳೆಹಣ್ಣು ಹಾಕಿದ ಪೂರಿ). ಆಮೇಲೆ ಲಾಲ್‌ಬಾಗ್‌ನ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಂ. ಹೊರಗೆ ಮಳೆ ಹುಯ್ಯುತ್ತಿದ್ದರೂ ಒಳಗೆ ಜಾಗ ಸಿಗುವುದಿಲ್ಲ. ಮಳೆಯಲ್ಲಿ ಐಸ್‌ಕ್ರೀಂ ತಿಂದರೆ ಶೀತ ಆಗುತ್ತದೆ ಅಂತ ಅತ್ತೆ ಅನ್ನುತ್ತಾರೆ, ಅವರಿಗೂ ಒಂದು ಚಮಚ ಕೊಟ್ಟು ನೋಡಿ.

ಮಂಡಕ್ಕಿ ಮಿರ್ಚಿ

ಗೋಳಿಬಜೆ ಚೆನ್ನಾಗಿರುತ್ತದೆ, ಆದರೆ ನಮ್ಮ ದಾವಣಗೆರೆಯ ನರಗಿಸ್ ಮಂಡಕ್ಕಿ ಜೊತೆ ಮಿರ್ಚಿ ಮುಂದೆ ಅದು ಮಗು. ಇದನ್ನು ಬರೆದಿಡಿ.

ಜಯದೇವ ಸರ್ಕಲ್

ಒಂದು ದಿನ ಉಡುಪಿ, ಮಣಿಪಾಲಕ್ಕೆ ಇಟ್ಟುಕೊಳ್ಳಿ. ಮಂಗಳೂರಿನಿಂದ 60 ಕಿಲೋಮೀಟರ್ ಅಷ್ಟೇ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಲೇಬೇಕು. ವಿಜಯನಾಥ ಶೆಣೈ ಅನ್ನುವವರು ಕೆಡವಲು ಹೊರಟ ಹಳೇ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಕರಾವಳಿಯ ಮನೆ ಮಾತ್ರ ಅಲ್ಲ. ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಕೂಡ ಅಲ್ಲಿದೆ. ನಮ್ಮ ಉತ್ತರದ ಕಡೆಯ ಮರಗೆಲಸ ನೋಡಲು ಕಡಲ ತೀರಕ್ಕೆ ಹೋಗಬೇಕಾಗಿದೆ, ಏನು ಹೇಳುವುದು.

ಅಲ್ಲೇ ಅಂಗರಚನಾ ಮ್ಯೂಸಿಯಂ ಇದೆ, ಮೆಡಿಕಲ್ ಕಾಲೇಜಿನದು. ದೇಹದ ಭಾಗಗಳನ್ನು ಗಾಜಿನ ಜಾಡಿಯಲ್ಲಿ ಇಟ್ಟಿದ್ದಾರೆ. ಮಗಳು ಸೈನ್ಸ್ ಓದುವವಳಾದರೆ ಇಷ್ಟವಾಗಬಹುದು. ಊಟಕ್ಕೆ ಮೊದಲು ಹೋಗಬೇಡಿ.

ಉಡುಪಿ ಊರೊಳಗೆ ನಾಣ್ಯ ಸಂಗ್ರಹಾಲಯ ಉಂಟು, ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ. 1906ರಲ್ಲಿ ಹುಟ್ಟಿದ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಕುಡ್ಲದಲ್ಲಿ ದುರ್ಗದವಳು

ಹಸ್ತಶಿಲ್ಪ ಅದ್ಭುತ ಜಾಗ, ಎರಡು ಮಾತಿಲ್ಲ. ಆದರೆ ಮಂಡಿ ನೋವಿನವರಿಗೆ ಜುಲೈನಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಮನೆಗಳು ಬಿಡಿಬಿಡಿಯಾಗಿವೆ. ಒಂದರಿಂದ ಇನ್ನೊಂದಕ್ಕೆ ಬಯಲಲ್ಲೇ ನಡೆಯಬೇಕು, ನೆಲ ಪಾಚಿ ಕಟ್ಟಿರುತ್ತದೆ. ಹಳೇ ಮನೆಗಳ ಹೊಸ್ತಿಲು ಎತ್ತರ. ಮೇಲಾಗಿ ಹೆದ್ದಾರಿಯಲ್ಲಿ ಮಳೆಗೆ ಗಾಡಿಗಳು ನಿಧಾನ, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಡಿಸೆಂಬರಿನಲ್ಲಿ ಮಗಳನ್ನು ನೋಡಲು ಬರುತ್ತೀರಲ್ಲ, ಆಗ ಹೋಗಿ.

ಜಯದೇವ ಸರ್ಕಲ್

ಅತ್ತೆಯವರನ್ನು ಕೃಷ್ಣ ಮಠದಲ್ಲಿ ಬಿಟ್ಟು ಉಳಿದವರು ಹೋಗಬಹುದಲ್ವಾ? ಮಠದಲ್ಲಿ ಎಲ್ಲವೂ ಸೂರಿನ ಕೆಳಗೇ. ಊಟವೂ ಆಗುತ್ತದೆ.

ವಿದ್ಯಾನಗರದಮ್ಮ

ಅತ್ತೆಯನ್ನು ಬಿಟ್ಟು ಹೋದರೆ ನಾನು ವಾಪಸ್ ದಾವಣಗೆರೆಗೆ ಬರಬೇಕಲ್ಲ ಸರ್, ಅದನ್ನೂ ಯೋಚಿಸಿ! ಅವರಿಗೆ ಧರ್ಮಸ್ಥಳ ಆಗಬೇಕಂತೆ.

ಹರಿಹರದ ಚಾಲಕ

ಧರ್ಮಸ್ಥಳ ಆದರೆ ವಾಪಸ್ ಬರುವಾಗ ಇಟ್ಟುಕೊಳ್ಳಿ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಚಿಕ್ಕಮಗಳೂರು. ಅದೇ ದಿನ ದಾವಣಗೆರೆ ಮುಟ್ಟುವುದಾದರೆ ಮಧ್ಯಾಹ್ನದೊಳಗೆ ಘಾಟಿ ಹತ್ತಿರಬೇಕು. ಮಳೆ ಜೋರಿದ್ದರೆ ರಾತ್ರಿ ಅಲ್ಲಿ ಗಾಡಿ ಬಿಡುವುದಿಲ್ಲ. ಧರ್ಮಸ್ಥಳದಲ್ಲಿ ದರ್ಶನ, ಊಟ ಆದ ಮೇಲೆ ಮಂಜೂಷಾ ಮ್ಯೂಸಿಯಂ ಇದೆ, ಹಳೇ ಕಾರುಗಳ ಸಂಗ್ರಹಾಲಯವೂ ಇದೆ. ಎರಡೂ ಒಳಗೇ. ನಾನು ಪ್ಯಾಸೆಂಜರ್ ಕರೆದುಕೊಂಡು ಹೋದಾಗಲೆಲ್ಲ ಅವರು ದೇವರ ಸಾಲಿನಲ್ಲಿ, ನಾನು ಕಾರುಗಳ ಸಾಲಿನಲ್ಲಿ.

ಕುಡ್ಲದಲ್ಲಿ ದುರ್ಗದವಳು

ಸಾಮಾನಿನ ಬಗ್ಗೆ ಮರೆತಿದ್ದೆ. ಮಗಳ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಹಾಕಿ. ಕ್ಯಾನ್ವಾಸ್ ಶೂ ಬೇಡ, ಒಮ್ಮೆ ನೆನೆದರೆ ವಾರ ಒಣಗುವುದಿಲ್ಲ. ರಬ್ಬರ್ ಚಪ್ಪಲಿ ಸಾಕು. ಜೀನ್ಸ್ ಕಡಿಮೆ, ತೆಳು ಬಟ್ಟೆ ಜಾಸ್ತಿ. ಒಳ ಉಡುಪು ಎಣಿಸಿದ್ದಕ್ಕಿಂತ ದುಪ್ಪಟ್ಟು. ಇಲ್ಲಿ ಬಟ್ಟೆ ಒಣಗುವುದು ಅಂದರೆ ಫ್ಯಾನ್ ಕೆಳಗೆ ರಾತ್ರಿಯಿಡೀ ಹರವಿ, ಬೆಳಗ್ಗೆ ಇಸ್ತ್ರಿ ಪೆಟ್ಟಿಗೆ ಒತ್ತಿ ಹಸಿ ಆರಿಸುವುದು. ಚರ್ಮದ ಬೆಲ್ಟ್, ಪರ್ಸ್ ಬೀರುವಿನಲ್ಲಿ ಬಿಟ್ಟರೆ ಬೂಸ್ಟು ಹಿಡಿಯುತ್ತದೆ ಅಂತ ಮಗಳಿಗೆ ಹೇಳಿ. ಕೊಡೆ ಇಲ್ಲೇ ಕೊಳ್ಳಿ. ನಮ್ಮೂರಿನ ಮೂರು ಮಡಿಕೆಯ ಪುಟ್ಟ ಕೊಡೆ ಇಲ್ಲಿನ ಗಾಳಿಗೆ ಮೊದಲ ದಿನವೇ ಮಗುಚುತ್ತದೆ.

ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜಿಗೆ ರಜೆ ಕೊಡುತ್ತಾರೆ. ಹಾಸ್ಟೆಲ್‌ಗೆ ಸೇರಿಸುವ ದಿನವೇ ಹಾಗಾದರೆ ಗಾಬರಿ ಬೇಡ, ಆಫೀಸಿಗೆ ಫೋನ್ ಮಾಡಿ ಹೋಗಿ. ಆ ದಿನ ಘಾಟಿ ಕಡೆ ಮಾತ್ರ ತಲೆ ಹಾಕಬೇಡಿ.

ವಿದ್ಯಾನಗರದಮ್ಮ

ಹೋಗಿ ಬಂದೆವು! ಕೇಳಿದವರಿಗೆಲ್ಲ ಇಲ್ಲೇ ಬರೆಯುತ್ತೇನೆ.

ಆಗುಂಬೆ ಬೆಳಗ್ಗೆಯೇ ಇಳಿದೆವು. ಮೂಡಬಿದಿರೆಯಲ್ಲಿ ಕೋಟೆಮನೆ ಸರ್ ಹೇಳಿದ ಆಟ ಮಗನಿಗೆ ಹಚ್ಚಿದೆ. ‘ಒಂದೇ ಥರದ್ದು ಸಿಕ್ಕಿತು’ ಅಂತ ಓಡಿ ಬಂದ. ಹೋಗಿ ನೋಡಿದರೆ ಕೆಳಗೆ ಒಂದೇ ಥರ, ಮೇಲೆ ಬೇರೆ. ಅವರಪ್ಪನೂ ಆಟಕ್ಕೆ ಸೇರಿಕೊಂಡರು, ಅತ್ತೆ ಕಟ್ಟೆ ಮೇಲೆ ಕೂತು ಇಬ್ಬರನ್ನೂ ನೋಡಿ ನಗುತ್ತಿದ್ದರು.

ಚಾಪೆಲ್‌ನಲ್ಲಿ ಕತ್ತು ನೋವು ಬರುವವರೆಗೆ ನೋಡಿದೆವು. ನನಗೆ ಚಾವಣಿಗಿಂತ ಗೋಡೆಯೇ ಹಿಡಿಸಿತು. ಉಬ್ಬು ಕೆತ್ತನೆ ಅಂದುಕೊಂಡದ್ದು ಹತ್ತಿರ ಹೋದರೆ ಬರೀ ಬಣ್ಣ. ನೆರಳು ಹಾಗೆ ಬಿಡಿಸಿದ್ದಾರೆ. ಮಗ ಮುಟ್ಟಲು ಕೈ ಚಾಚಿದ, ಹಿಡಿದುಕೊಂಡೆ.

ತಾರಾಲಯ ಸೂಪರ್. ಅತ್ತೆಗೆ ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ತಲೆ ಸುತ್ತಿದ ಹಾಗಾಯಿತಂತೆ, ಅರ್ಧದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಗಮನಿಸಿ. ಕದ್ರಿಯ ಲೋಕೇಶ್ವರನ ಮುಂದೆ ನಾವು ಮೊಬೈಲ್ ತೆಗೆಯಲಿಲ್ಲ, ದುರ್ಗದ ಅಕ್ಕನಿಗೆ ಸಮಾಧಾನ ಆಗಲಿ.

ತಾಳಮದ್ದಳೆ ಸಿಕ್ಕಿತು ಮೇಷ್ಟ್ರೇ! ಪೇಪರಿನಲ್ಲಿ ನೋಡಿ ಒಂದು ದೇವಸ್ಥಾನದ ಹಾಲ್‌ಗೆ ಹೋದೆವು. ಪ್ರಸಂಗ ಕೃಷ್ಣ ಸಂಧಾನ. ಮಗ ಸ್ವಲ್ಪ ಹೊತ್ತಿಗೆ ನನ್ನ ತೊಡೆ ಮೇಲೆ ನಿದ್ದೆ. ಅತ್ತೆ ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕೌರವನ ಪಾತ್ರದವರು ಮಡಿಚಿದ ಶಾಲನ್ನು ತೊಡೆ ಮೇಲಿಂದ ಎತ್ತಿ ಹೆಗಲಿಗೆ ಹಾಕಿಕೊಂಡು, ‘ಐದು ಊರು ಕೇಳುವವರು ನಾಳೆ ಆರನೆಯದು ಕೇಳುವುದಿಲ್ಲ ಅಂತ ಏನು ಗ್ಯಾರಂಟಿ’ ಅನ್ನುವ ಅರ್ಥದಲ್ಲಿ ಏನೋ ಅಂದರು. ಸಭೆಯೆಲ್ಲ ನಗು. ಅತ್ತೆ ನನ್ನ ಕಿವಿಯಲ್ಲಿ, ‘ಇವನ ಮಾತು ಕೇಳಿದರೆ ಕೌರವನದ್ದೇ ನ್ಯಾಯ ಅನಿಸುತ್ತದಲ್ಲೇ’ ಅಂದರು. ಮುಗಿಯುವ ತನಕ ಏಳಲಿಲ್ಲ. ಮಂಡಿ ನೋವಿನ ಮಾತೂ ಇಲ್ಲ.

ಮಾಲ್‌ಗೆ ಹೋದದ್ದು ಬಕೆಟ್ ತರಲು ಮಾತ್ರ. ಪತ್ರೊಡೆ ಎಲ್ಲರಿಗೂ ಇಷ್ಟವಾಯಿತು, ಮಗನನ್ನು ಬಿಟ್ಟು. ಇಳಿದುಕೊಂಡಿದ್ದ ಲಾಡ್ಜ್‌ನ ಗೋಡೆ ತೇವಕ್ಕೆ ಉಬ್ಬಿ, ಸುಣ್ಣ ಹಾಸಿಗೆ ಮೇಲೆ ಉದುರುತ್ತಿತ್ತು. ರೂಮ್ ಬುಕ್ ಮಾಡುವಾಗ ಕಡೆಯ ಮಹಡಿ ಬೇಡ ಅಂತ ಹೇಳಿ, ನೇರ ಮಾಡಿನ ಕೆಳಗೆ ತೇವ ಜಾಸ್ತಿ. ವಾಪಸ್ ಬರುವ ದಿನ ಚಾರ್ಮಾಡಿ ಬಂದ್ ಇತ್ತು. ಧರ್ಮಸ್ಥಳದಿಂದ ಕಾರ್ಕಳಕ್ಕೆ ಬಂದು ಬಂದ ದಾರಿಯಲ್ಲೇ ಹತ್ತಿದೆವು, ಮನೆ ಮುಟ್ಟಿದಾಗ ಮಧ್ಯರಾತ್ರಿ.

ಹೊಳಲ್ಕೆರೆ ಮೇಷ್ಟ್ರು

ಕೌರವನದ್ದೇ ನ್ಯಾಯ ಅನಿಸಿದರೆ ಅವರು ಒಳ್ಳೆಯ ಅರ್ಥಧಾರಿ. ಮುಂದಿನ ಸಲ ಕರ್ಣ ಭೇದನ ಹುಡುಕಿ. ಅತ್ತೆಯವರಿಗೆ ಕರವಸ್ತ್ರ ಕೊಟ್ಟು ಕೂರಿಸಿ.

ಚಳ್ಳಕೆರೆ ಶೇಂಗಾ

ನಾವು ಸ್ವಾತಂತ್ರ್ಯ ದಿನದ ರಜೆಗೆ ಹೊರಟಿದ್ದೇವೆ, ಬಸ್ಸಿನಲ್ಲಿ. ಬಿಜೈ ನಿಲ್ದಾಣದಲ್ಲಿ ಇಳಿದರೆ ಪಿಲಿಕುಳಕ್ಕೆ ಹೇಗೆ? ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರಾ?

ಪಿಜೆ ಬಡಾವಣೆ ಹುಡುಗ

ಆಟೋ ಬೇಡ ಅಣ್ಣ, ದೂರ. ಸಿಟಿ ಬಸ್ ಹಿಡಿದು ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗಿ, ಅಲ್ಲಿಂದ ಪಿಲಿಕುಳದ ಬಸ್ ಇದೆ. ಹತ್ತುವಾಗ ‘ನಿಸರ್ಗಧಾಮದ ಗೇಟ್ ಹತ್ತಿರ ಹೋಗುತ್ತದಾ’ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ. ಹಿಂದಕ್ಕೆ ಬರುವ ಬಸ್ ಎಷ್ಟು ಗಂಟೆಗೆ ಅಂತಲೂ ಅವರನ್ನೇ ಕೇಳಿ. ಮೀನು ಊಟಕ್ಕೆ ಯಾವ ಹೋಟೆಲ್ ಅಂತ ಬೇಕಿದ್ದರೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬರೆದರೆ ಸಸ್ಯಾಹಾರಿಗಳು ಬೈಯುತ್ತಾರೆ.